ಹೊಳೆಯ ಮರಳಿನ ಹೊನ್ನು ಯಾರದು?

ಪರನಾಡಿನ ಪ್ರವಾಸದಲ್ಲಿ ಒಂದು ಹೊಳೆಯ ದಡದಲ್ಲಿ ಕುಳಿತಿದ್ದೇವೆಂದು ಭಾವಿಸೋಣ. ಹೊತ್ತು ಕಳೆಯಲೆಂದು ಊಟದ ತಟ್ಟೆಯಲ್ಲಿ ಒಂದಿಷ್ಟು ಮರಳನ್ನು ಮೊಗೆದು ನೀರಿನಲ್ಲಿ ಅಲುಗಿಸುತ್ತಿರುವಾಗ ಹಗುರಾದ ಮರಳೆಲ್ಲ ಕೊಚ್ಚಿಹೋಗಿ, ತಟ್ಟೆಯ ತಳದ ಅಂಚಿನಲ್ಲಿ ಸಾಸಿವೆಯ ಸಿಪ್ಪೆಯಷ್ಟು ಚಿಕ್ಕದಾದ ಹಳದಿಯ ಕಣವೊಂದು ಉಳಿಯಿತು. ಅದು ಅಪ್ಪಟ ಚಿನ್ನವೇ ಎಂದಿಟ್ಟುಕೊಳ್ಳೋಣ. ಅದು ಯಾರ ಸೊತ್ತು? ಕಂಡವರದೆ, ದಡದ ಹೊಲದ ಒಡೆಯನದೆ, ಆ ನಾಡಿನ ಸರಕಾರದ್ದೆ? ಅದನ್ನು ಜೇಬಿಗೆ ಹಾಕಿಕೊಂಡು ನಡೆದರೆ ಅದೃಷ್ಟವೊ, ಕಳ್ಳತನವೊ?

ಇಂಗ್ಲೆಂಡಿನಲ್ಲಿ ಈ ಪ್ರಶ್ನೆಗೆ ೧೫೬೮ರಲ್ಲಿಯೇ ಒಂದು ಉತ್ತರ ದೊರೆತಿತ್ತು. ನಾರ್ತಂಬರ್ಲೆಂಡಿನ ಅರ್ಲ್ ಎಂಬ ಶ್ರೀಮಂತನ ಜಮೀನಿನಲ್ಲಿ ಒಂದನೆಯ ಎಲಿಜಬೆತ್ ರಾಣಿಯ ಕಡೆಯವರು ತಾಮ್ರದ ಅದಿರನ್ನು ತೋಡಿದರು. ಅದರಲ್ಲಿ ಬೆಳ್ಳಿ ಬಂಗಾರಗಳ ಅಂಶವೂ ಇದ್ದಿತು. ಜಮೀನುದಾರ ಆಕ್ಷೇಪಿಸಿದ. ನ್ಯಾಯಾಧೀಶರು, ನೆಲ ಯಾರದೇ ಆಗಲಿ, ಚಿನ್ನದ ಮತ್ತು ಬೆಳ್ಳಿಯ ಗಣಿಗಳು ರಾಜಮುಕುಟಕ್ಕೆ ಸೇರಿದುವು ಎಂದು ತೀರ್ಪಿತ್ತರು. ಈ ಸೂತ್ರವು ಇಂಗ್ಲಿಷರೊಡನೆ ಹಡಗು ಹತ್ತಿ ಆಸ್ಟ್ರೇಲಿಯ, ನ್ಯೂಜಿಲೆಂಡುಗಳಿಗೂ ಹೋಯಿತು. ಅಲ್ಲಿ ಇಂದು ಸಾವಿರಾರು ಮಂದಿ ರಜೆಯ ದಿನಗಳಲ್ಲಿ ಕೇವಲ ವಿನೋದಕ್ಕಾಗಿ ಚಿನ್ನ ಹುಡುಕಲು ಹೊರಡುತ್ತಾರೆ. ಮೆಲ್ಬರ್ನಿಗೆ ಓದಲು ಹೋದ ನಮ್ಮ ವಿದ್ಯಾರ್ಥಿಗಳಿಗೂ ಬ್ಯಾಲರಟ್, ಬೆಂಡಿಗೊ ಎಂಬ ಹಳೆಯ ಚಿನ್ನದ ಊರುಗಳು ರೈಲಿನಲ್ಲಿ ಎರಡು ಗಂಟೆಯ ಆಸುಪಾಸಿನ ದಾರಿ. ಹೋಗುವವರು ತಟ್ಟೆ, ಸಲಿಕೆಗಳಿಗಿಂತ ಮೊದಲು ಒಂದು ಕಾಗದವನ್ನು ಸಂಪಾದಿಸಬೇಕು. ಆ ಕಾಗದದ ಕಥೆಯೇ ಈ ಲೇಖನದ ವಸ್ತು. ಆದರೆ ಮೊದಲು ಚಿನ್ನವು ತಟ್ಟೆಯಲ್ಲಿ ಏಕೆ ಉಳಿಯುವುದೆಂಬುದನ್ನು ತಿಳಿದುಕೊಂಡರೆ, ನಿಯಮಗಳ ಮರ್ಮವೂ ಸುಲಭವಾಗಿ ಅರ್ಥವಾಗುವುದು.

ಒಂದು ಘನ ಸೆಂಟಿಮೀಟರ್ ಚಿನ್ನದ ತೂಕ ೧೯.೩ ಗ್ರಾಮು, ಅಷ್ಟೇ ಗಾತ್ರದ ಬೆಣಚುಕಲ್ಲಿನ ತೂಕ ೨.೬೫ ಗ್ರಾಮು. ಅಂದರೆ ಗಾಳಿಯಲ್ಲಿ ಚಿನ್ನವು ಮರಳಿಗಿಂತ ಸುಮಾರು ಏಳು ಪಟ್ಟು ಭಾರ. ನೀರಿನೊಳಗೆ ಮುಳುಗಿಸಿದಾಗ ಆರ್ಕಿಮಿಡೀಸನ ತತ್ತ್ವದಂತೆ ಎರಡೂ ಒಂದೊಂದು ಗ್ರಾಮಿನಷ್ಟು ತೂಕವನ್ನು ಕಳೆದುಕೊಳ್ಳುತ್ತವೆ. ಉಳಿಯುವುದು ೧೮.೩ ಮತ್ತು ೧.೬೫. ಈಗ ಭಾಗಿಸಿ ನೋಡಿದರೆ ಚಿನ್ನವು ಹನ್ನೊಂದು ಪಟ್ಟು ಭಾರ! ನೀರು ಎರಡರಿಂದಲೂ ಸಮನಾಗಿ ಕಸಿದುಕೊಂಡು, ಅವುಗಳ ಅಂತರವನ್ನು ಹೆಚ್ಚಿಸಿಬಿಟ್ಟಿತು. ತಟ್ಟೆಯನ್ನು ನೀರಿನಲ್ಲಿ ಅಲುಗಿಸುವುದರ ಗುಟ್ಟೆಲ್ಲ ಇಷ್ಟೆ. ಅಲುಗಾಟದಲ್ಲಿ ಮರಳಿನ ಕಣಗಳು ಒಂದನ್ನೊಂದು ಬಿಟ್ಟು ಸಡಿಲವಾಗುತ್ತವೆ. ಭಾರದ ಕಣಗಳು ಸಂದುಗಳಲ್ಲಿ ಜಾರಿ ತಳ ಸೇರುತ್ತವೆ. ಮೇಲಿನದನ್ನು ನೀರು ತಟ್ಟೆಯ ಅಂಚಿನಿಂದಾಚೆಗೆ ಒಯ್ಯುತ್ತದೆ.

ಹೊಳೆಯು ಮಾಡುವುದೂ ಇದೇ ಕೆಲಸವನ್ನು. ಬೆಟ್ಟದ ಬೆಣಚುಕಲ್ಲಿನ ಎಳೆಗಳು ಮಳೆಬಿಸಿಲಿಗೆ ಶಿಥಿಲವಾದಾಗ ಅವುಗಳಲ್ಲಿದ್ದ ಚಿನ್ನ ಬಿಡಿಯಾಗಿ ನೀರಿನ ಪಾಲಾಗುವುದು. ಪ್ರವಾಹ ಬಿರುಸಾಗಿರುವವರೆಗೆ ಅದು ಉರುಳುತ್ತ ಸಾಗುವುದು. ತಿರುವಿನ ಒಳಮಗ್ಗುಲಲ್ಲಿ, ದೊಡ್ಡ ಬಂಡೆಯ ಹಿಂಬದಿಯಲ್ಲಿ, ಅಂತೂ ವೇಗ ತಗ್ಗಿದಲ್ಲೆಲ್ಲ, ಕೆಳಗಿಳಿಯುವುದು. ಇಳಿದದ್ದು ಮುಂದಿನ ಪ್ರವಾಹಗಳಲ್ಲಿ ಇನ್ನಷ್ಟು ಇಳಿದು, ಕಡೆಗೆ ಶಿಲಾತಳದ ಬಿರುಕುಗಳಲ್ಲಿ ಸಿಕ್ಕಿಕೊಳ್ಳುವುದು. ಆದುದರಿಂದಲೇ ಅನುಭವಿಗಳು ಮೇಲಿನ ಮರಳನ್ನು ಕೆದಕುತ್ತ ಕೂಡುವುದಿಲ್ಲ. ಬಂಡೆಯ ಬಿರುಕನ್ನು ಹುಡುಕಿ ಅದರೊಳಗಿನ ಜೇಡಿಯನ್ನು ಕೆರೆದು ತೆಗೆಯುತ್ತಾರೆ. ತಟ್ಟೆಯಲ್ಲಿ ಮೊದಲು ಕಾಣುವುದು ಕಬ್ಬಿಣದ ಕರಿಮರಳು. ಅದು ಬಂದರೆ ಭಾರದ ಕಣಗಳು ಸೇರುವ ಜಾಗ ಇದೆಂದು ಗೊತ್ತಾದಂತೆ.

ಹೊಳೆಯುವುದೆಲ್ಲ ಹೊನ್ನಲ್ಲ ಎಂಬುದನ್ನು ಹೊಸಬರು ತಮ್ಮ ಮೊದಲ ಗಂಟೆಯಲ್ಲಿಯೇ ಕಲಿಯುತ್ತಾರೆ. ನಮ್ಮವರು ಕಾಗೆಬಂಗಾರವೆಂದು ಕರೆಯುವ ಅಭ್ರಕ ನೀರಿನಲ್ಲಿ ಥಳಥಳಿಸುತ್ತದೆ, ಆದರೆ ಹಗುರವಾದುದರಿಂದ ತೇಲಿಹೋಗುತ್ತದೆ. ಪೈರೈಟ್ ಎಂಬ ಕಬ್ಬಿಣ ಗಂಧಕಗಳ ಸಂಯುಕ್ತ ಇನ್ನೂ ಮೋಸದ್ದು. ಅದನ್ನು ಸೂಜಿಯ ಮೊನೆಯಿಂದ ಒತ್ತಬೇಕು: ಪೈರೈಟ್ ಪುಡಿಯಾಗುವುದು, ಚಿನ್ನ ತಗ್ಗುಬಿದ್ದು ಚಪ್ಪಟೆಯಾಗುವುದು. ನೆರಳಿನಲ್ಲಿ ಹಿಡಿದು ನೋಡುವುದು ಇನ್ನೊಂದು ಉಪಾಯ. ಪೈರೈಟಿನ ಹೊಳಪು ಬೆಳಕಿನ ಕೋನದೊಡನೆ ಬದಲಾಗುವುದು. ಚಿನ್ನ ಬಿಸಿಲಿನಲ್ಲಿಯೂ ನೆರಳಿನಲ್ಲಿಯೂ ಒಂದೇ ಹಳದಿ.

ಇನ್ನು ಆ ಕಾಗದದ ಕಥೆ. ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ ೧೮೫೧ರಲ್ಲಿ ಚಿನ್ನ ಕಂಡಿತು. ಕೆಲವೇ ತಿಂಗಳಲ್ಲಿ ಕುರುಬರು, ಗುಮಾಸ್ತರು, ನಾವಿಕರು, ಪೋಲೀಸರು ಕೂಡ ತಮ್ಮ ತಮ್ಮ ಕಸುಬನ್ನು ಬಿಟ್ಟು ಗುದ್ದಲಿ ಹಿಡಿದು ಓಡಿದರು. ಚಿನ್ನವೆಲ್ಲ ರಾಣಿಯದು ಎಂಬ ಹಳೆಯ ತೀರ್ಪನ್ನು ಮುಂದೆ ಮಾಡಿ ಸರಕಾರವು ಒಂದು ಲೈಸೆನ್ಸನ್ನು ಜಾರಿಗೆ ತಂದಿತು. ಶುಲ್ಕ ತಿಂಗಳಿಗೆ ೩೦ ಷಿಲಿಂಗು. ಚಿನ್ನ ಸಿಕ್ಕಲಿ ಸಿಕ್ಕದಿರಲಿ, ಕೊಡಲೇಬೇಕು. ಇದು ಆದಾಯದ ಮೇಲಣ ತೆರಿಗೆಯಲ್ಲ. ಹುಡುಕುವ ಆಸೆಯ ಮೇಲಣ ತೆರಿಗೆ. ಮೊಳಕಾಲುದ್ದ ಕೆಸರಿನಲ್ಲಿ ನಿಂತು ತೋಡುವವನು ಆ ಕಾಗದವನ್ನು ಸದಾ ಮೈಮೇಲೆ ಇಟ್ಟುಕೊಂಡಿರಬೇಕು. ಕಾಗದ ತೊಯ್ದುಹೋಯಿತು, ಗುಡಾರದಲ್ಲಿದೆ ಎಂಬ ಸಬೂಬು ನಡೆಯದು. ಕುದುರೆ ಸವಾರರಾದ ಪೋಲೀಸರು ಹಠಾತ್ತನೆ ಬಂದು, ಕಾಗದವಿಲ್ಲದವರನ್ನು ಹಿಡಿದು ಮರದ ದಿಮ್ಮಿಗಳಿಗೆ ಸರಪಳಿಯಿಂದ ಕಟ್ಟಿದ ಪ್ರಸಂಗಗಳೂ ಉಂಟು. ಇಷ್ಟು ಕೊಟ್ಟವರಿಗೆ ಮತದಾನದ ಹಕ್ಕೂ ಇರಲಿಲ್ಲ. ಶುಲ್ಕವನ್ನು ಮುಂದೆ ಸ್ವಲ್ಪ ತಗ್ಗಿಸಿದರಾದರೂ ತಪಾಸಣೆ ಮಾತ್ರ ಬಿಗಿಯಾಯಿತು.

ಬ್ಯಾಲರಟ್ ಊರಿನಲ್ಲಿ ಸಹನೆಯ ಕಟ್ಟೆ ಒಡೆಯಿತು. ೧೮೫೪ರ ನವೆಂಬರ್ ೨೯ರಂದು ಗಣಿಗಾರರು ಸಭೆ ಸೇರಿ ಲೈಸೆನ್ಸುಗಳನ್ನು ಬೆಂಕಿಗೆ ಹಾಕಿದರು. ಮರುದಿನ ನೀಲಿಯ ಬಟ್ಟೆಯ ಮೇಲೆ ಬಿಳಿಯ ನಕ್ಷತ್ರಗಳಿದ್ದ ತಮ್ಮ ಬಾವುಟದ ಅಡಿಯಲ್ಲಿ, ಪೀಟರ್ ಲೇಲರ್ ಎಂಬ ಐರಿಷ್ ತರುಣನ ಮುಂದಾಳುತನದಲ್ಲಿ, ಪ್ರತಿಜ್ಞೆ ಮಾಡಿದರು. ಯುರೀಕ ಎಂಬಲ್ಲಿ ಮರದ ಬೇಲಿಯನ್ನು ಎಬ್ಬಿಸಿ ಒಳಗೆ ನಿಂತರು. ಡಿಸೆಂಬರ್ ೩ರ ಭಾನುವಾರ ನಸುಕಿನಲ್ಲಿ ಸೈನ್ಯ ಬಂದಿತು. ಕಾಳಗ ಅರ್ಧ ಗಂಟೆಯೂ ನಡೆಯಲಿಲ್ಲ. ಗಣಿಗಾರರಲ್ಲಿ ಕನಿಷ್ಠ ಇಪ್ಪತ್ತೆರಡು ಮಂದಿ ಸತ್ತರು. ಸೈನಿಕರಲ್ಲಿ ಕೆಲವರು ಸತ್ತರು. ಲೇಲರ್ ತನ್ನ ಎಡತೋಳನ್ನು ಕಳೆದುಕೊಂಡ. ಬಂಡಾಯದಲ್ಲಿ ಸೋತವರು ಅದರ ಮುಂದಿನ ವರ್ಷ ಗೆದ್ದರೆಂಬುದು ಚರಿತ್ರೆಯ ವಿಚಿತ್ರ. ರಾಜದ್ರೋಹದ ಆಪಾದನೆಗೆ ಗುರಿಯಾದ ಹದಿಮೂವರನ್ನೂ ಪಂಚಾಯ್ತರು ನಿರ್ದೋಷಿಗಳೆಂದರು. ೧೮೫೫ರಲ್ಲಿ ಹಳೆಯ ಲೈಸೆನ್ಸು ಹೋಗಿ ಅದರ ಸ್ಥಾನದಲ್ಲಿ ವರ್ಷಕ್ಕೆ ಒಂದೇ ಪೌಂಡಿನ ಹೊಸ ಪತ್ರ ಬಂದಿತು. ಅದರ ಹೆಸರು ‘ಮೈನರ್ಸ್ ರೈಟ್’, ಎಂದರೆ ಗಣಿಗಾರನ ಹಕ್ಕು. ಅನುಮತಿ ಎಂಬ ಮಾತು ಹೋಗಿ ಹಕ್ಕು ಎಂಬ ಮಾತು ಬಂದುದನ್ನು ಗಮನಿಸಬೇಕು. ಅದನ್ನು ಪಡೆದವನಿಗೆ ಮತದಾನದ ಹಕ್ಕೂ ದೊರೆಯಿತು. ಲೇಲರ್ ಅದೇ ವರ್ಷ ಶಾಸನಸಭೆಯ ಸದಸ್ಯನಾದ. ಸರಕಾರವು ತನ್ನ ಆದಾಯವನ್ನು ಹೊರದೇಶಕ್ಕೆ ಸಾಗುವ ಚಿನ್ನದ ಮೇಲಿನ ಸುಂಕದಿಂದ ಪಡೆಯತೊಡಗಿತು. ಸಿಕ್ಕಿದವನು ಕೊಡಲಿ, ಸಿಕ್ಕದವನು ಏಕೆ ಕೊಡಬೇಕು ಎಂಬ ಸರಳ ನ್ಯಾಯಕ್ಕೆ ಇಷ್ಟು ರಕ್ತ ಬೇಕಾಯಿತು.

ಆದರೆ ಈ ಹಕ್ಕನ್ನು ಹೊಗಳುವಾಗ ಅದು ಯಾರಿಗೆ ದಕ್ಕಲಿಲ್ಲವೆಂಬುದನ್ನೂ ಹೇಳಬೇಕು. ಅದೇ ೧೮೫೫ರಲ್ಲಿ ವಿಕ್ಟೋರಿಯದ ಶಾಸನವು ಬಂದರಿನಲ್ಲಿ ಇಳಿಯುವ ಪ್ರತಿಯೊಬ್ಬ ಚೀನೀಯನ ಮೇಲೆ ಹತ್ತು ಪೌಂಡಿನ ತಲೆಗಂದಾಯವನ್ನು ಹೇರಿತು. ಅದನ್ನು ತಪ್ಪಿಸಿಕೊಳ್ಳಲು ಸಾವಿರಾರು ಚೀನೀಯರು ನೆರೆಯ ದಕ್ಷಿಣ ಆಸ್ಟ್ರೇಲಿಯದ ರೋಬ್ ಎಂಬ ರೇವಿನಲ್ಲಿ ಇಳಿದು, ನೂರಾರು ಮೈಲಿ ನಡೆದು ಗಣಿಗಳನ್ನು ಸೇರಿದರು. ಬೆಂಡಿಗೊ ಸುತ್ತಲಿನ ನೆಲದ ಮೂಲನಿವಾಸಿಗಳಾದ ಜಾ ಜಾ ವುರಂಗ್ ಜನರನ್ನಂತೂ ಯಾರೂ ಕೇಳಲಿಲ್ಲ. ಅವರೊಡನೆ ಸರಕಾರ ಒಪ್ಪಂದವೊಂದನ್ನು ಮಾಡಿಕೊಂಡು ಅವರ ಹಕ್ಕುಗಳನ್ನು ಮನ್ನಿಸಿದುದು ೨೦೧೩ರಲ್ಲಿ.

ಇಂದು ವಿಕ್ಟೋರಿಯದಲ್ಲಿ ವಿನೋದಕ್ಕಾಗಿ ಚಿನ್ನ ಹುಡುಕುವವರು ಕೊಳ್ಳಬೇಕಾದುದು ಅದೇ ಹೆಸರಿನ ಪತ್ರವನ್ನೇ. ಅದು ಹತ್ತು ವರ್ಷ ನಡೆಯುತ್ತದೆ. ಅದನ್ನು ಪಡೆದವರಿಗೆ ಸಿಕ್ಕಿದ ಚಿನ್ನ ಅವರದೇ ಸೊತ್ತಾಗುತ್ತದೆ. ನಮ್ಮ ಮೊದಲ ಪ್ರಶ್ನೆಗೆ ಅಲ್ಲಿನ ಉತ್ತರ ಇದು: ಪತ್ರವಿದ್ದರೆ ಕಂಡವರದು, ಇಲ್ಲದಿದ್ದರೆ ಸರಕಾರದ್ದು. ಪತ್ರ ಪಡೆದವರು ಈಗಲೂ ಅದನ್ನು ಜೊತೆಯಲ್ಲಿ ಒಯ್ಯುವುದು ಒಳ್ಳೆಯದು. ಕೇಳುವ ಅಧಿಕಾರಿ ಇಂದು ಸರಪಳಿಯನ್ನು ತರುವುದಿಲ್ಲ, ಅಷ್ಟೆ. ಬ್ಯಾಲರಟ್ಟಿನ ಸಾವರಿನ್ ಹಿಲ್ ಎಂಬ ಬಯಲು ವಸ್ತುಸಂಗ್ರಹಾಲಯದ ತೊರೆಯಲ್ಲಿ ಮಾತ್ರ ಪ್ರವೇಶದ ಟಿಕೆಟ್ಟೇ ಸಾಕು. ಮೊದಲ ಬಾರಿಗೆ ತಟ್ಟೆ ಹಿಡಿಯುವವರಿಗೆ ಅದು ಒಳ್ಳೆಯ ಪಾಠಶಾಲೆ.

ಪತ್ರದೊಡನೆ ಬರುವ ಷರತ್ತುಗಳಲ್ಲಿ ಮುಖ್ಯವಾದುದು ಕೈಯಲ್ಲಿ ಹಿಡಿಯುವ ಉಪಕರಣಗಳನ್ನಷ್ಟೇ ಬಳಸಬೇಕೆಂಬುದು. ಗುದ್ದಲಿ, ಸಲಿಕೆ, ಸುತ್ತಿಗೆ, ಜರಡಿ, ತಟ್ಟೆ ಇರಬಹುದು. ವಿದ್ಯುತ್ಕಾಂತೀಯ ಪ್ರೇರಣೆಯಿಂದ ಲೋಹವನ್ನು ಪತ್ತೆಮಾಡುವ ಶೋಧಕವೂ ಇರಬಹುದು. ಯಂತ್ರದಿಂದ ಅಗೆಯುವಂತಿಲ್ಲ, ಸಿಡಿಮದ್ದು ಕೂಡದು. ಇದು ಬಡವರ ಮೇಲಿನ ನಿರ್ಬಂಧದಂತೆ ತೋರಬಹುದು. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಯಂತ್ರಗಳು ಏನು ಮಾಡಿದುವೆಂಬುದನ್ನು ನೋಡಿದವರು ಹಾಗೆನ್ನಲಾರರು. ಕ್ಯಾಲಿಫೋರ್ನಿಯದಲ್ಲಿ ಫಿರಂಗಿಯಂಥ ಕೊಳವೆಗಳಿಂದ ನೀರು ಚಿಮ್ಮಿಸಿ ಇಡಿಯ ಗುಡ್ಡಗಳನ್ನೇ ಕರಗಿಸಿದರು. ಆ ಹೂಳು ಕೆಳಗಿನ ನದಿಗಳನ್ನು ತುಂಬಿ ರೈತರ ಹೊಲಗಳನ್ನು ಮುಚ್ಚಿತು. ೧೮೮೪ರಲ್ಲಿ ಸಾಯರ್ ಎಂಬ ನ್ಯಾಯಾಧೀಶ ನದಿಗೆ ಹೂಳು ಬಿಡುವುದನ್ನು ನಿಷೇಧಿಸಿ ಅದಕ್ಕೆ ತಡೆಹಾಕಿದ. ಅಷ್ಟರೊಳಗೆ ಚಿನ್ನವನ್ನು ಹಿಡಿಯಲು ಬಳಸಿದ ಪಾದರಸ ಹೇರಳವಾಗಿ ನದಿತಳವನ್ನು ಸೇರಿತ್ತು, ಇಂದಿಗೂ ಅಲ್ಲಿದೆ. ನದಿತಳವನ್ನು ಹೀರಿ ತೆಗೆಯುವ ಯಂತ್ರಗಳನ್ನು ಹವ್ಯಾಸಿಗಳು ಕೂಡ ಬಳಸಕೂಡದೆಂದು ಆ ರಾಜ್ಯವು ೨೦೦೯ರಲ್ಲಿ ನಿಲ್ಲಿಸಿದುದಕ್ಕೆ, ಮಲಗಿದ್ದ ಈ ಪಾದರಸವು ಕದಡಿ ಮೀನುಗಳ ಮೂಲಕ ಊಟದ ತಟ್ಟೆಗೆ ಬರುವುದೆಂಬ ಭಯವೂ ಒಂದು ಕಾರಣ. ಬೆಂಡಿಗೊ ಕಡೆಯ ಹಳೆಯ ಗಣಿಗಳ ಕಸದ ದಿಣ್ಣೆಗಳಲ್ಲಿ ಪಾಷಾಣದ ಅಂಶ, ಎಂದರೆ ಆರ್ಸೆನಿಕ್, ಉಂಟು. ಅಲ್ಲಿ ಅಗೆದ ಕೈಯಿಂದ ಬುತ್ತಿ ಬಿಚ್ಚುವುದು ಅಪಾಯ.

ತೋಡಿದ ಗುಂಡಿಯನ್ನು ಮುಚ್ಚಿಯೇ ಹೊರಡಬೇಕೆಂಬುದು ಇನ್ನೊಂದು ನಿಯಮ. ಆ ಕಾಡುಗಳಲ್ಲಿ ನೂರೈವತ್ತು ವರ್ಷಗಳ ಹಿಂದಿನ ಬಾವಿಗಳಂಥ ಗುಂಡಿಗಳು ಎಲೆಗಳಡಿಯಲ್ಲಿ ಬಾಯ್ದೆರೆದು ಇಂದಿಗೂ ಇವೆ. ಅವುಗಳಲ್ಲಿ ಒಂದರ ಅಂಚಿಗೆ ಕಾಲಿಟ್ಟವರಿಗೆ ಈ ನಿಯಮವನ್ನು ವಿವರಿಸಬೇಕಾಗಿಲ್ಲ. ಮರಗಿಡಗಳನ್ನು ಕೀಳುವಂತಿಲ್ಲ. ಖಾಸಗಿ ಜಮೀನಿಗೆ ಒಡೆಯನ ಒಪ್ಪಿಗೆ ಬೇಕು. ಗಣಿಗಾರಿಕೆಯ ಲೈಸೆನ್ಸು ಪಡೆದವರ ನೆಲದಲ್ಲಿ ಅವರ ಒಪ್ಪಿಗೆ ಬೇಕು. ರಾಷ್ಟ್ರೀಯ ಉದ್ಯಾನಗಳಲ್ಲಿ ಗುರುತುಮಾಡಿಕೊಟ್ಟ ಕೆಲವು ಭಾಗಗಳನ್ನುಳಿದು ಬೇರೆಲ್ಲೂ ಹುಡುಕುವಂತಿಲ್ಲ. ಹಲವು ತೊರೆಗಳೂ ನಿಷೇಧದ ಪಟ್ಟಿಯಲ್ಲಿವೆ. ಮೂಲನಿವಾಸಿಗಳ ಪವಿತ್ರ ಸ್ಥಳಗಳನ್ನೂ ಕಲ್ಲಿನ ಆಯುಧಗಳನ್ನೂ ಮುಟ್ಟಕೂಡದು. ಚಿನ್ನ ಹುಡುಕುವವರ ಕೈಗೆ ಇಂಥ ಚೂಪಾದ ಕಲ್ಲುಗಳು ಸುಲಭವಾಗಿ ಬರುವುದರಿಂದ ಇದು ಬರಿಯ ಶಾಸ್ತ್ರದ ಮಾತಲ್ಲ.

ಇಷ್ಟು ನಿರ್ಬಂಧಗಳ ನಡುವೆ ಏನು ಸಿಕ್ಕೀತು ಎನ್ನುವವರಿಗಾಗಿ ಒಂದೆರಡು ನಿದರ್ಶನಗಳು. ೧೮೬೯ರ ಫೆಬ್ರವರಿ ೫ರಂದು ಮೊಲಿಯಾಗಲ್ ಎಂಬಲ್ಲಿ ಡೀಸನ್ ಮತ್ತು ಓಟ್ಸ್ ಎಂಬ ಇಬ್ಬರಿಗೆ ಮರದ ಬೇರಿನ ಬಳಿ, ನೆಲದಿಂದ ಅಂಗುಲವೆರಡಂಗುಲ ಕೆಳಗೆ, ಸುಮಾರು ಎಪ್ಪತ್ತು ಕಿಲೋಗ್ರಾಮು ಚಿನ್ನದ ಗಟ್ಟಿ ದೊರೆಯಿತು. ಊರಿನ ತಕ್ಕಡಿಗೆ ಅದು ಹಿಡಿಸದೆ ಅಡಿಗಲ್ಲಿನ ಮೇಲಿಟ್ಟು ಒಡೆದು ತೂಗಬೇಕಾಯಿತು. ೧೯೮೦ರಲ್ಲಿ ಕಿಂಗವರ್ ಹತ್ತಿರ ಹವ್ಯಾಸಿಯೊಬ್ಬನ ಲೋಹಶೋಧಕ ಕೂಗಿದಲ್ಲಿ ಅಗೆದಾಗ ೨೭ ಕಿಲೋಗ್ರಾಮಿನ ಗಟ್ಟಿ ಹೊರಬಂದಿತು. ಇವು ಲಾಟರಿಯ ಮೊದಲ ಬಹುಮಾನದಂಥ ಸುದ್ದಿಗಳು. ಇಡೀ ದಿನ ಸೊಂಟ ಬಗ್ಗಿಸಿದ ಸಾಮಾನ್ಯ ಹವ್ಯಾಸಿಯ ಗಾಜಿನ ಶೀಶೆಯಲ್ಲಿ ಸಂಜೆಗೆ ಉಳಿಯುವುದು ಬಹುಮಟ್ಟಿಗೆ ನಾಲ್ಕಾರು ಚೂರುಗಳು. ಅವುಗಳ ಬೆಲೆ ಬಂದ ರೈಲಿನ ಚಾರ್ಜಿಗೂ ಸಾಲದು.

ಗಡಿ ದಾಟಿದರೆ ನಿಯಮ ಬೇರೆ ಎಂಬುದನ್ನು ಪ್ರವಾಸಿಗಳು ಮರೆಯಕೂಡದು. ಪಶ್ಚಿಮ ಆಸ್ಟ್ರೇಲಿಯದಲ್ಲಿಯೂ ಮೈನರ್ಸ್ ರೈಟ್ ಎಂಬುದೇ ಹೆಸರು, ಆದರೆ ವಿಕ್ಟೋರಿಯದ ಪತ್ರ ಅಲ್ಲಿ ನಡೆಯದು. ಕಂಪೆನಿಗಳು ಅನ್ವೇಷಣೆಯ ಲೈಸೆನ್ಸು ಪಡೆದಿರುವ ನೆಲಕ್ಕೆ ಅಲ್ಲಿ ಮತ್ತೊಂದು ಪ್ರತ್ಯೇಕ ಅನುಮತಿ ಬೇಕು. ಕ್ವೀನ್ಸ್‌ಲೆಂಡಿನಲ್ಲಿ ಇದಕ್ಕಾಗಿಯೇ ೧೯೯೪ರ ಕಾಯಿದೆಯೊಂದು ಉಂಟು, ಅದರಂತೆ ಬೇರೆ ಲೈಸೆನ್ಸು.

ನ್ಯೂಜಿಲೆಂಡಿನ ಏರ್ಪಾಡು ನಮಗೆ ಎಲ್ಲಕ್ಕಿಂತ ಸರಳವಾಗಿ ತೋರುತ್ತದೆ. ಅಲ್ಲಿಯೂ ೧೯೯೧ರ ಶಾಸನದಂತೆ ಚಿನ್ನ ಸರಕಾರದ್ದೇ. ಆದರೆ ದಕ್ಷಿಣ ದ್ವೀಪದಲ್ಲಿ ಕೆಲವು ಹೊಳೆಗಳ ಭಾಗಗಳನ್ನು ಸಾರ್ವಜನಿಕರಿಗಾಗಿಯೇ ಬಿಟ್ಟಿದ್ದಾರೆ. ಅಲ್ಲಿ ಯಾರು ಬೇಕಾದರೂ, ಪರದೇಶದವರೂ, ಯಾವ ಪತ್ರವೂ ಇಲ್ಲದೆ ತಟ್ಟೆ ಸಲಿಕೆಗಳಿಂದ ಹುಡುಕಿ ಸಿಕ್ಕಿದ್ದನ್ನು ಇಟ್ಟುಕೊಳ್ಳಬಹುದು. ಯಂತ್ರ ಮಾತ್ರ ಕೂಡದು. ಅದೇ ಹೊಳೆಗಳಲ್ಲಿ ಸಿಕ್ಕಬಹುದಾದ ಪೌನಮು ಎಂಬ ಹಸಿರು ಕಲ್ಲು ೧೯೯೭ರ ಶಾಸನದಂತೆ ನಾಯ್ ಟಾಹು ಎಂಬ ಮಾವೊರಿ ಬುಡಕಟ್ಟಿನವರ ಸೊತ್ತು. ಅದನ್ನು ಚಿನ್ನದೊಡನೆ ಚೀಲಕ್ಕೆ ಸೇರಿಸುವಂತಿಲ್ಲ. ಇನ್ನೊಂದು ನಿಯಮ ಕಣ್ಣಿಗೆ ಕಾಣದ ಶತ್ರುವಿನದು. ಡಿಡಿಮೊ ಎಂಬ ಪಾಚಿಯೊಂದು ೨೦೦೪ರಲ್ಲಿ ಆ ದ್ವೀಪದ ನದಿಯಲ್ಲಿ ಕಂಡಿತು. ಒಂದು ಹನಿ ನೀರಿನಲ್ಲಿ ಅಡಗಿ ಇನ್ನೊಂದು ನದಿಗೆ ದಾಟಬಲ್ಲುದು. ಆದ್ದರಿಂದ ತಟ್ಟೆ, ಬೂಟುಗಳನ್ನು ತೊಳೆದು ಒಣಗಿಸದೆ ಬೇರೊಂದು ಹೊಳೆಗೆ ಇಳಿಯಕೂಡದು. ಮಣ್ಣು ಮೆತ್ತಿದ ಸಲಿಕೆ, ಬೂಟುಗಳು ಸಾಮಾನಿನಲ್ಲಿದ್ದರೆ ವಿಮಾನನಿಲ್ದಾಣದಲ್ಲಿಯೇ ತಿಳಿಸಬೇಕು.

ನ್ಯೂಜಿಲೆಂಡಿನ ಒಟಾಗೊದಲ್ಲಿ ೧೮೬೧ರಲ್ಲಿ ಚಿನ್ನ ಕಂಡುಹಿಡಿದವನೆಂದು ಗೇಬ್ರಿಯಲ್ ರೀಡ್ ಎಂಬಾತನಿಗೆ ಬಹುಮಾನವಾಯಿತು. ಆದರೆ ಅದಕ್ಕೂ ಕೆಲವು ವರ್ಷ ಮೊದಲೇ ಅದೇ ಸೀಮೆಯಲ್ಲಿ ಎಡ್ವರ್ಡ್ ಪೀಟರ್ಸ್ ಎಂಬ ಭಾರತೀಯ ಚಿನ್ನವನ್ನು ತೊಳೆದಿದ್ದ. ಕರಿಯ ಪೀಟರ್ ಎಂದೇ ಅಲ್ಲಿನವರು ಅವನನ್ನು ಕರೆಯುತ್ತಿದ್ದರು. ಅವನಿಗೆ ೧೮೮೫ರಲ್ಲಿ ಸರಕಾರ ೫೦ ಪೌಂಡು ಕೊಡಲು ಒಪ್ಪಿತು, ಅದೂ ಸಾರ್ವಜನಿಕರು ಅಷ್ಟೇ ಹಣ ಕೂಡಿಸಿದರೆ ಎಂಬ ಕರಾರಿನ ಮೇಲೆ.

ಆ ದ್ವೀಪದಿಂದ ನಮ್ಮ ಕೋಲಾರಕ್ಕೂ ಒಂದು ಎಳೆ ಬಂದಿದೆ. ನ್ಯೂಜಿಲೆಂಡಿನ ಯುದ್ಧಗಳಲ್ಲಿದ್ದು, ಅಲ್ಲಿನ ಚಿನ್ನದ ಹುಡುಕಾಟವನ್ನು ಕಂಡು ಬೆಂಗಳೂರಿಗೆ ಬಂದು ನೆಲಸಿದ ಮೈಕೇಲ್ ಲವೆಲ್ ಎಂಬ ಸೈನಿಕನೇ ೧೮೭೩ರಲ್ಲಿ ಕೋಲಾರದ ನೆಲದಲ್ಲಿ ಗಣಿ ತೋಡಲು ಮೈಸೂರು ಸರಕಾರದ ಅನುಮತಿಯನ್ನು ಕೇಳಿದವನು. ಬೆಂಗಳೂರಿನ ಲವೆಲ್ ರಸ್ತೆಗೆ ಅವನದೇ ಹೆಸರು. ಅವನಿಗೂ ಮೊದಲು, ೧೮೦೨ರಲ್ಲಿ, ವಾರನ್ ಎಂಬ ಲೆಫ್ಟಿನೆಂಟ್ ಗಡಿಯ ಸರ್ವೆಗಾಗಿ ಅತ್ತ ಬಂದಾಗ ಉರಿಗಾಮಿನ ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ತೆಗೆದು ತೋರಿಸಿದ್ದರು. ಗದಗಿನ ಕಪ್ಪತಗುಡ್ಡದ ತೊರೆಗಳಲ್ಲಿ ಮರದ ಮರಿಗೆಯಲ್ಲಿ ಮರಳು ತೊಳೆಯುತ್ತಿದ್ದವರಿಗೆ ಜಲಗಾರರೆಂದು ಹೆಸರು. ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ೧೮೭೦ರ ದಶಕದಲ್ಲಿ ಅವರ ಕಸುಬನ್ನು ದಾಖಲೆಮಾಡಿದ್ದಾನೆ. ಬೀದಿ ಗುಡಿಸುವವನೆಂಬ ಅರ್ಥದಲ್ಲಷ್ಟೇ ಈ ಮಾತನ್ನು ಬಲ್ಲ ಇಂದಿನ ವಿದ್ಯಾರ್ಥಿಗಳಿಗೆ ಇದು ಸೋಜಿಗವೆನಿಸೀತು.

ಆ ಜಲಗಾರರ ಮರಿಗೆಯನ್ನು ಹಿಡಿದು ನಾವು ಇಂದು ಕಪ್ಪತಗುಡ್ಡದ ಹಳ್ಳಕ್ಕೆ ಇಳಿಯಬಹುದೆ? ಇಳಿಯುವಂತಿಲ್ಲ. ಗಣಿ ಮತ್ತು ಖನಿಜಗಳ ೧೯೫೭ರ ಕೇಂದ್ರ ಶಾಸನದಂತೆ ಲೈಸೆನ್ಸಾಗಲಿ ಗುತ್ತಿಗೆಯಾಗಲಿ ಇಲ್ಲದೆ ಯಾರೂ ಖನಿಜವನ್ನು ಅರಸುವಂತಿಲ್ಲ, ತೆಗೆಯುವಂತಿಲ್ಲ. ಉಲ್ಲಂಘನೆಗೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಹವ್ಯಾಸಿಗಳಿಗೆಂದು ಚಿಕ್ಕದೊಂದು ಪತ್ರ ಆ ಶಾಸನದಲ್ಲಿ ಇಲ್ಲ. ೨೦೦೧ರಲ್ಲಿ ಮುಚ್ಚಿಹೋದ ಕೋಲಾರದ ಗಣಿಗಳ ಬಳಿ ಗುಡ್ಡಗಳಂತೆ ಬಿದ್ದಿರುವ ಸಯನೈಡ್ ದಿಬ್ಬಗಳಿಗೂ ಇದೇ ಮಾತು; ಅಲ್ಲಿ ಶಾಸನಕ್ಕಿಂತ ಮೊದಲು ಆರೋಗ್ಯವೇ ಬೇಡವೆನ್ನುತ್ತದೆ. ನಮ್ಮಲ್ಲಿಯೂ ಒಂದೆರಡು ಹಳ್ಳಗಳನ್ನು ನ್ಯೂಜಿಲೆಂಡಿನವರಂತೆ ತಟ್ಟೆ ಹಿಡಿದ ವಿದ್ಯಾರ್ಥಿಗಳಿಗಾಗಿ ಬಿಟ್ಟಿದ್ದರೆ ಭೂವಿಜ್ಞಾನದ ಎಷ್ಟೋ ಪಾಠಗಳು ಅಲ್ಲಿಯೇ ಆಗುತ್ತಿದ್ದುವೆಂದು ನಮ್ಮ ಎಣಿಕೆ.

ಪರದೇಶದಲ್ಲಿ ನ್ಯಾಯವಾಗಿ ಸಂಪಾದಿಸಿದ ಶೀಶೆಯನ್ನು ಊರಿಗೆ ತರುವವರು ಅದನ್ನು ಸುಂಕದ ಅಧಿಕಾರಿಗಳಿಗೆ ಘೋಷಿಸಬೇಕು. ಒಡವೆಗೆ ಇರುವ ರಿಯಾಯಿತಿ ಕಚ್ಚಾ ಚಿನ್ನಕ್ಕೆ ಅನ್ವಯಿಸದು. ಚಿನ್ನದೊಡನೆ ಆ ಹೊಳೆಯ ಒಂದು ಹಿಡಿ ಮಣ್ಣನ್ನೂ ನೆನಪಿಗಾಗಿ ತರುವ ಆಸೆಯನ್ನು ಬಿಡಬೇಕು. ಸಸ್ಯರೋಗಗಳ ಭಯದಿಂದ ಹೊರನಾಡಿನ ಮಣ್ಣಿಗೆ ಅನುಮತಿಯಿಲ್ಲದೆ ಪ್ರವೇಶವಿಲ್ಲ.

ಯಾವ ಪತ್ರವೂ ಬೇಡದ ಪ್ರಯೋಗ ಒಂದುಂಟು. ಮನೆ ಕಟ್ಟುವಲ್ಲಿಂದ ಒಂದು ಬೊಗಸೆ ಮರಳನ್ನು ಕೇಳಿ ತಂದು, ಮೀನು ಹಿಡಿಯುವ ದಾರಕ್ಕೆ ಕಟ್ಟುವ ಸೀಸದ ಗುಂಡಿನಿಂದ ಅಕ್ಕಿಯ ನುಚ್ಚಿನಷ್ಟು ಹತ್ತು ಚೂರುಗಳನ್ನು ಕತ್ತರಿಸಿ ಅದರಲ್ಲಿ ಬೆರೆಸಬೇಕು. ಅಡಿಗೆಗೆ ಬಳಸದ ಹಳೆಯ ತಟ್ಟೆಯೊಂದರಲ್ಲಿ ಹಾಕಿ, ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಮೊದಲು ಅಡ್ಡಡ್ಡಲಾಗಿ ಅಲುಗಿಸಿ, ಆಮೇಲೆ ಮುಂದಕ್ಕೆ ಓರೆಮಾಡಿ ಮೇಲಿನ ಮರಳನ್ನು ಸ್ವಲ್ಪ ಸ್ವಲ್ಪವಾಗಿ ನೀರಿಗೆ ಬಿಡಬೇಕು. ನಾವು ಮೊದಲ ಸಲ ಮಾಡಿದಾಗ ಹತ್ತರಲ್ಲಿ ಆರು ಉಳಿದುವು; ನಾಲ್ಕನೆಯ ಸಲಕ್ಕೆ ಒಂಬತ್ತು. ಸೀಸದ ಸಾಂದ್ರತೆ ೧೧.೩. ಅದು ನೀರಿನಲ್ಲಿ ಮರಳಿಗಿಂತ ಎಷ್ಟು ಪಟ್ಟು ಭಾರವೆಂಬುದನ್ನು ವಾಚಕರೇ ಲೆಕ್ಕಹಾಕಲಿ. ಪ್ರಯೋಗ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆದುಕೊಳ್ಳಲಿ.